ಬಟ್ಟೆಯಲ್ಲಿ ಅಂಚು ಅಡಗಬೇಕು, ಮರದಲ್ಲಿ ಕಾಣಬೇಕು

(ಫ್ಯಾಂಟಸಿ ಮಿನಿಯೇಚರ್‌ಗಳಿಗೆ, ಅಂದರೆ ಮೇಜಿನ ಮೇಲಿನ ಆಟಗಳಲ್ಲಿ ಬಳಸುವಂಥ ಪುಟ್ಟ ಬೊಂಬೆಗಳಿಗೆ, ಬಣ್ಣ ಹಚ್ಚುವ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಬ್ರಶ್ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಕಾಣುತ್ತಿರುವ ಈ ಮಾಂತ್ರಿಕನನ್ನು ನೋಡಿ. ನಿಜದಲ್ಲಿ ಇವನ ಎತ್ತರ ಮೂರು ಸೆಂಟಿಮೀಟರ್ ಕೂಡ ಇಲ್ಲ. ಮೈತುಂಬಾ ಕೆಂಪು ನಿಲುವಂಗಿ, ಕೈಯಲ್ಲೊಂದು ಮರದ ದಂಡ. ಎರಡಕ್ಕೂ ಹಚ್ಚಿದ್ದು ಒಂದೇ ಬ್ರಶ್‌ನಿಂದ, ಒಂದೇ ಬಗೆಯ ಬಣ್ಣದಿಂದ, ಒಂದೇ ವಿಧಾನದಲ್ಲಿ. ಆ ವಿಧಾನದ ಹೆಸರು ಲೇಯರಿಂಗ್. ಆದರೂ ಬಟ್ಟೆ ಬಟ್ಟೆಯ ಹಾಗೆ, ಮರ ಮರದ ಹಾಗೆ ಕಾಣುತ್ತಿದೆ ಅಲ್ವಾ? ಇವತ್ತಿನ ಮಾತೆಲ್ಲ ಇದು ಹೇಗಾಯಿತು ಅನ್ನುವುದರ ಬಗ್ಗೆ.

ಲೇಯರಿಂಗ್ ಅಂದರೆ ಪದರ ಪದರವಾಗಿ ಹಚ್ಚುವುದು. ಮೊದಲು ಗಾಢ ಬಣ್ಣ. ಅದರ ಮೇಲೆ ಸ್ವಲ್ಪ ತಿಳಿಯಾದ ಬಣ್ಣ, ಸ್ವಲ್ಪ ಕಡಿಮೆ ಜಾಗಕ್ಕೆ. ಅದರ ಮೇಲೆ ಇನ್ನೂ ತಿಳಿ, ಇನ್ನೂ ಕಡಿಮೆ ಜಾಗಕ್ಕೆ. ಹೀಗೆ ಹಚ್ಚುತ್ತಾ ಹೋದರೆ ಪ್ರತಿ ಪದರಕ್ಕೂ ಒಂದು ಅಂಚು ಉಳಿಯುತ್ತದೆ. ಆ ಅಂಚನ್ನು ಏನು ಮಾಡುತ್ತೀರಿ ಅನ್ನುವುದೇ ಮುಖ್ಯ ಪ್ರಶ್ನೆ. ಬಟ್ಟೆಯಲ್ಲಿ ಅದನ್ನು ಅಡಗಿಸಬೇಕು. ಮರದಲ್ಲಿ ಅದನ್ನೇ ಎದ್ದು ಕಾಣುವಂತೆ ಬಿಡಬೇಕು. ಬಟ್ಟೆಯಲ್ಲಿ ಅಂಚು ಕಂಡರೆ ತಪ್ಪು. ಮರದಲ್ಲಿ ಆ ಅಂಚುಗಳೇ ಮರದ ಎಳೆಗಳು.

ಹಾಗಾಗಿ ಹೊಸಬರಿಗೆ ನಾನು ಮೊದಲು ಮರ ಮಾಡಿ, ಆಮೇಲೆ ಬಟ್ಟೆಗೆ ಬನ್ನಿ ಅಂತ ಹೇಳುತ್ತೇನೆ. ಸಾಮಾನ್ಯವಾಗಿ ಎಲ್ಲರೂ ಇದನ್ನು ಉಲ್ಟಾ ಕಲಿಸುತ್ತಾರೆ. ದೊಡ್ಡ ನಿಲುವಂಗಿ ಕಣ್ಣಿಗೆ ಹೊಡೆಯುತ್ತದೆ, ಅದನ್ನೇ ಮೊದಲು ಹಿಡಿಯುತ್ತಾರೆ, ನಯ ಬರುವುದಿಲ್ಲ, ಬೇಜಾರಾಗಿ ಕೈಬಿಡುತ್ತಾರೆ. ಮರ ಹಾಗಲ್ಲ. ಕೈ ಸ್ವಲ್ಪ ನಡುಗಿದರೂ ಅದು ಎಳೆಯ ಸೊಟ್ಟ ಅನ್ನಿಸಿಕೊಂಡು ಹೋಗುತ್ತದೆ.

ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಬೆಳಕು ನೆರಳುಗಳನ್ನು ನಾವೇಕೆ ಬಣ್ಣದಲ್ಲಿ ಬರೆಯಬೇಕು? ಬೊಂಬೆಗೇ ಉಬ್ಬು ತಗ್ಗು ಇದೆ, ಕೋಣೆಯಲ್ಲಿ ದೀಪ ಇದೆ. ನೆರಳು ತಾನಾಗಿ ಬೀಳಬಾರದೇ?

ಬೀಳುತ್ತದೆ, ಆದರೆ ಸಾಲದು. 28 ಮಿಲಿಮೀಟರ್ ಎತ್ತರದ ಬೊಂಬೆ ಅಂದರೆ ಮನುಷ್ಯನನ್ನು ಸುಮಾರು ಅರವತ್ತು ಪಟ್ಟು ಕುಗ್ಗಿಸಿದಂತೆ. ಬೊಂಬೆ ಕುಗ್ಗುತ್ತದೆ, ಬೆಳಕು ಕುಗ್ಗುವುದಿಲ್ಲ. ನಿಮ್ಮ ಅಂಗಿಯ ತೋಳಿನ ನೆರಿಗೆ ಎರಡು ಬೆರಳು ಆಳ ಇದ್ದರೆ ಒಳಗೆ ಗಟ್ಟಿ ನೆರಳು ಕೂರುತ್ತದೆ. ಬೊಂಬೆಯಲ್ಲಿ ಅದೇ ನೆರಿಗೆ ಅರ್ಧ ಮಿಲಿಮೀಟರ್ ಆಳ. ದೊಡ್ಡ ಕೋಣೆಯ ಬೆಳಕು ಎಲ್ಲ ಕಡೆಯಿಂದ ಒಳಗೆ ನುಗ್ಗುತ್ತದೆ. ಒಂದೇ ಬಣ್ಣ ಬಳಿದ ಬೊಂಬೆ ಕೈಯಳತೆ ದೂರದಿಂದ ಚಪ್ಪಟೆಯಾಗಿ ಕಾಣುವುದು ಇದೇ ಕಾರಣಕ್ಕೆ. ಅದಕ್ಕೇ ಬೆಳಕನ್ನು ನಾವೇ ಹಚ್ಚುತ್ತೇವೆ, ಅದೂ ಸ್ವಲ್ಪ ಜಾಸ್ತಿಯಾಗಿಯೇ.

ಇನ್ನು, ಪದರಗಳಲ್ಲೇ ಯಾಕೆ? ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣದಲ್ಲಿ ಮಾಡುವ ಹಾಗೆ ಎರಡು ಬಣ್ಣ ಪಕ್ಕಪಕ್ಕ ಹಾಕಿ ಕಲೆಸಿದರೆ ಆಗದೇ? ಎಣ್ಣೆ ಬಣ್ಣ ಒಣಗಲು ದಿನಗಟ್ಟಲೆ ಬೇಕು, ಕಲೆಸಲು ಬೇಕಾದಷ್ಟು ಸಮಯ ಸಿಗುತ್ತದೆ. ನಾವು ಬಳಸುವುದು ಅಕ್ರಿಲಿಕ್. ನೀರಿನಲ್ಲಿ ತೇಲುವ ಸಣ್ಣ ಸಣ್ಣ ಪ್ಲಾಸ್ಟಿಕ್ ಕಣಗಳು ಮತ್ತು ಬಣ್ಣದ ಪುಡಿ ಅದರಲ್ಲಿರುತ್ತವೆ. ನೀರು ಆರಿದಾಗ ಕಣಗಳು ಒಂದಕ್ಕೊಂದು ಅಂಟಿ ಪೊರೆ ಆಗುತ್ತದೆ. ತೆಳುವಾದ ಪದರ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ. ಒಮ್ಮೆ ಒಣಗಿದರೆ ಮತ್ತೆ ನೀರು ಮುಟ್ಟಿಸಿದರೂ ಕರಗುವುದಿಲ್ಲ. ಕಲೆಸಲು ಇದು ತೊಡಕು, ಪದರ ಕಟ್ಟಲು ಇದೇ ಅನುಕೂಲ. ಕೆಳಗಿನ ಬಣ್ಣ ಕದಡದೆ ಮೇಲೆ ಎಷ್ಟು ಪದರ ಬೇಕಾದರೂ ಕಟ್ಟಬಹುದು.

ಈ ತೊಡಕು ಹೊಸದೇನಲ್ಲ. ಸುಮಾರು 1400ರ ಹೊತ್ತಿಗೆ ಇಟಲಿಯ ಚೆನ್ನಿನೊ ಚೆನ್ನಿನಿ ಎಂಬ ಚಿತ್ರಗಾರ ತನ್ನ ಕೈಪಿಡಿಯಲ್ಲಿ ಬಟ್ಟೆ ಬರೆಯುವ ಕ್ರಮ ಹೇಳಿದ್ದಾನೆ. ಮೂರು ಪುಟ್ಟ ಬಟ್ಟಲು ತೆಗೆದುಕೊಳ್ಳಿ. ಒಂದರಲ್ಲಿ ಗಾಢ ಬಣ್ಣ, ಒಂದರಲ್ಲಿ ತಿಳಿ ಬಣ್ಣ, ಇನ್ನೊಂದರಲ್ಲಿ ಎರಡನ್ನೂ ಬೆರೆಸಿದ ನಡುವಿನ ಬಣ್ಣ. ಹಸಿ ಗಾರೆಯ ಮೇಲೆ ಮತ್ತು ಮೊಟ್ಟೆಯ ಹಳದಿ ಲೋಳೆ ಬೆರೆಸಿದ ಬಣ್ಣದಲ್ಲಿ ಕೆಲಸ ಮಾಡುತ್ತಿದ್ದವರು ಆ ಕಾಲದ ಚಿತ್ರಗಾರರು. ಅವರಿಗೂ ಬಣ್ಣ ಬೇಗ ಒಣಗುತ್ತಿತ್ತು, ಅವರೂ ಮೆಟ್ಟಿಲು ಮೆಟ್ಟಿಲಾಗಿಯೇ ಹೋಗಬೇಕಿತ್ತು. ಇವತ್ತು ಮಿನಿಯೇಚರ್ ಬಣ್ಣಗಳನ್ನು ಮಾಡುವ ರೀಪರ್ ಕಂಪನಿ ನೆರಳು, ಮೂಲ ಬಣ್ಣ, ಹೈಲೈಟ್ (ಬೆಳಕಿನ ಬಣ್ಣ) ಅಂತ ಮೂರು ಮೂರರ ಜೊತೆಯಾಗಿ ಬಣ್ಣ ಮಾರುತ್ತದೆ. ಇಂಥದ್ದೇ ಇನ್ನೊಂದು ಬಣ್ಣದ ಬ್ರ್ಯಾಂಡ್ ಸಿಟಡೆಲ್, 2012ರಲ್ಲಿ ತನ್ನ ಡಬ್ಬಿಗಳ ಮೇಲೆ ‘ಬೇಸ್’, ‘ಲೇಯರ್’, ‘ಶೇಡ್’ ಅಂತಲೇ ಅಚ್ಚು ಹಾಕಲು ಶುರು ಮಾಡಿತು. ಬೇಸ್ ಬಣ್ಣದಲ್ಲಿ ಪುಡಿ ಜಾಸ್ತಿ, ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಲೇಯರ್ ಬಣ್ಣ ಸ್ವಲ್ಪ ಪಾರದರ್ಶಕ. ಆರು ನೂರು ವರ್ಷಗಳ ಹಿಂದಿನ ಆ ಮೂರು ಬಟ್ಟಲುಗಳೇ ಈಗ ಡಬ್ಬಿಗಳಾಗಿವೆ.

ಸಾಮಾನಿನ ಬಗ್ಗೆ ಬೇಗ ಮುಗಿಸುತ್ತೇನೆ. ಬಣ್ಣವನ್ನು ಡಬ್ಬಿಯಿಂದ ನೇರ ಬೊಂಬೆಗೆ ಹಚ್ಚಬೇಡಿ. ನೀರು ಬೆರೆಸಿ ಹಾಲಿನ ಹದಕ್ಕೆ ತನ್ನಿ. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಯಾವಾಗಲೂ ಮೇಲು. ವೆಟ್ ಪ್ಯಾಲೆಟ್, ಅಂದರೆ ಬಣ್ಣ ಬೆರೆಸುವ ಒದ್ದೆ ತಟ್ಟೆ, ಒಂದಿದ್ದರೆ ಬಣ್ಣ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಮುಚ್ಚಳದ ಡಬ್ಬಿ, ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್, ಅಷ್ಟೇ. ಮೇಣದ ಕಾಗದ ಬೇಡ, ಅದು ನೀರನ್ನು ಮೇಲೆ ಬಿಡುವುದಿಲ್ಲ.

ಬ್ರಶ್ ವಿಷಯದಲ್ಲಿ ಒಂದೇ ಮಾತು: ತೀರಾ ಸಣ್ಣ ಬ್ರಶ್ ಕೊಳ್ಳಬೇಡಿ. 000 ನಂಬರಿನ ಬ್ರಶ್‌ನಲ್ಲಿ ನಿಲ್ಲುವ ಬಣ್ಣ ಬೊಂಬೆ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. 1 ಅಥವಾ 2ನೇ ನಂಬರು ಸಾಕು, ಆದರೆ ತುದಿ ಸೂಜಿಯಂತೆ ಕೂಡಬೇಕು. ಒಳ್ಳೆಯ ಬ್ರಶ್‌ಗಳಿಗೆ ಬಳಸುವ ಕೊಲಿನ್ಸ್ಕಿ ಕೂದಲು ಸೈಬೀರಿಯಾ ಕಡೆಯ ವೀಸಲ್ ಜಾತಿಯ ಪ್ರಾಣಿಯ ಬಾಲದ್ದು. ಹೊಟ್ಟೆ ದಪ್ಪ, ತುದಿ ಚೂಪು, ಬಣ್ಣವನ್ನು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಅಭ್ಯಾಸಕ್ಕೆ ಸಿಂಥೆಟಿಕ್ ಬ್ರಶ್ ಸಾಕು.

ಇನ್ನೊಂದು ಸಣ್ಣ ವಿಷಯ ಇದೆ. ಇದನ್ನು ಗಮನಿಸಿದವರಿಗೂ ಗಮನಿಸದವರಿಗೂ ಕೆಲಸದಲ್ಲಿ ಬಹಳ ವ್ಯತ್ಯಾಸ ಕಾಣುತ್ತದೆ. ತೆಳು ಬಣ್ಣ ತುಂಬಿದ ಬ್ರಶ್ ಎಳೆದಾಗ ಶುರುವಿನಲ್ಲಿ ಬಣ್ಣ ಕಡಿಮೆ ಬೀಳುತ್ತದೆ. ಬ್ರಶ್ ಎಲ್ಲಿ ಮೇಲಕ್ಕೆ ಏಳುತ್ತದೋ ಅಲ್ಲಿ ಜಾಸ್ತಿ ಕೂರುತ್ತದೆ. ಹಾಗಾಗಿ ಬೆಳಕಿನ ಬಣ್ಣ ಹಚ್ಚುವಾಗ ಗೀಟು ಅತಿ ಬೆಳಕಿನ ಜಾಗದಲ್ಲಿ ಮುಗಿಯಬೇಕು. ನೆರಳಿನ ಬಣ್ಣ ಹಚ್ಚುವಾಗ ಅತಿ ಕತ್ತಲೆಯ ಜಾಗದಲ್ಲಿ ಮುಗಿಯಬೇಕು. ಎಳೆಯುವ ದಿಕ್ಕು ಬದಲಾಯಿಸಿದರೆ ಸಾಕು, ಅರ್ಧ ನಯ ತಾನಾಗಿ ಬರುತ್ತದೆ.

ಈಗ ಬಟ್ಟೆಗೆ ಬರೋಣ. ಮರ ಮೊದಲು ಮಾಡಿ ಅಂತ ಹೇಳಿ ನಾನೇ ಬಟ್ಟೆಯಿಂದ ಶುರು ಮಾಡುತ್ತಿದ್ದೇನೆ. ಕಾರಣ ಇದೆ. ಕಲಿಯುವ ಕ್ರಮ ಬೇರೆ, ಒಂದು ಬೊಂಬೆಯ ಮೇಲೆ ಹಚ್ಚುವ ಕ್ರಮ ಬೇರೆ. ಮಾಂತ್ರಿಕನ ದಂಡ ಅವನ ನಿಲುವಂಗಿಯ ಮುಂದೆ ಇದೆ. ಹಿಂದಿನ ದೊಡ್ಡ ಜಾಗ ಮೊದಲು, ಮುಂದಿನ ಸಣ್ಣ ವಸ್ತು ಆಮೇಲೆ. ದಂಡ ಮುಗಿಸಿ ನಿಲುವಂಗಿಗೆ ಕೈ ಹಾಕಿದರೆ ದಂಡಕ್ಕೆ ಕೆಂಪು ತಾಗುವುದು ಗ್ಯಾರಂಟಿ.

ಬಣ್ಣ ತೆಗೆಯುವ ಮುಂಚೆ ಬಟ್ಟೆಯನ್ನು ಓದಬೇಕು. ನೆರಿಗೆಗಳೆಲ್ಲ ಒಂದೇ ಥರ ಇರುವುದಿಲ್ಲ. ಭುಜದಿಂದ ಇಳಿಬಿದ್ದ ಮೇಲಂಗಿಯಲ್ಲಿ ಉದ್ದುದ್ದ ಕೊಳವೆಯಂಥ ನೆರಿಗೆಗಳು ಬರುತ್ತವೆ. ಬೆಲ್ಟ್ ಬಿಗಿದ ಕಡೆ ಸಣ್ಣ ಸಣ್ಣ ನೆರಿಗೆಗಳು ಒಂದೇ ಗೆರೆಯಿಂದ ಹೊರಟು ಹರಡುತ್ತವೆ. ಎರಡು ಕಡೆ ಸಿಕ್ಕಿಸಿದ ಬಟ್ಟೆ ನಡುವೆ ಜೋಲುತ್ತದೆ. ಮೊಣಕೈ ಮಡಿಸಿದ ಕಡೆ ಒಳಗೆ ಸುಕ್ಕು, ಹೊರಗೆ ಬಿಗಿ. ಪ್ರತಿಯೊಂದರಲ್ಲೂ ಬಟ್ಟೆ ಎಲ್ಲಿಂದ ಜಗ್ಗುತ್ತಿದೆ ಅನ್ನುವುದನ್ನು ಮೊದಲು ಹುಡುಕಿ. ಅದು ಗೊತ್ತಾದರೆ ಬೆಳಕು ಎಲ್ಲಿ ನಿಲ್ಲಬೇಕು ಅನ್ನುವುದೂ ಗೊತ್ತಾಗುತ್ತದೆ.

ಇಲ್ಲಿ ಒಂದು ಸುಲಭ ದಾರಿ ಇದೆ. ಬೊಂಬೆಗೆ ಪೂರ್ತಿ ಕಪ್ಪು ಪ್ರೈಮರ್ (ಬಣ್ಣ ಹಿಡಿದುಕೊಳ್ಳಲು ಮೊದಲು ಹಾಕುವ ಹಾಸು) ಹೊಡೆಯಿರಿ. ಒಣಗಿದ ಮೇಲೆ ಓರೆಯಾಗಿ ಮೇಲಿನಿಂದ ಬೂದು, ಆಮೇಲೆ ನೇರ ನೆತ್ತಿಯ ಮೇಲಿನಿಂದ ಬಿಳಿ ಸ್ಪ್ರೇ ಮಾಡಿ. ಸ್ಪ್ರೇ ಎಲ್ಲಿ ಬಿತ್ತೋ ಅಲ್ಲಿ ಬೆಳಕು ಬೀಳುತ್ತದೆ. ಎಲ್ಲಿ ಕಪ್ಪು ಉಳಿಯಿತೋ ಅದು ನೆರಳು. ಇದಕ್ಕೆ ಜೆನಿಥಲ್ ಪ್ರೈಮಿಂಗ್ ಅನ್ನುತ್ತಾರೆ. ಈ ಹಂತದಲ್ಲಿ ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಬೇಸ್ ಬಣ್ಣ ಬಿದ್ದ ಮೇಲೆ ಆ ಗುರುತುಗಳೆಲ್ಲ ಮುಚ್ಚಿಹೋಗುತ್ತವೆ, ಆಗ ಫೋಟೋ ನೋಡಿಕೊಂಡೇ ಹಚ್ಚಬಹುದು.

ಕೆಂಪು ನಿಲುವಂಗಿಯನ್ನೇ ತೆಗೆದುಕೊಳ್ಳೋಣ. ಸಿಟಡೆಲ್ ಬಣ್ಣಗಳಲ್ಲಾದರೆ ಮೆಫಿಸ್ಟನ್ ರೆಡ್ ಮೂಲ ಬಣ್ಣ. ಎರಡು ತೆಳು ಪದರ ಹಚ್ಚಿ ಪೂರ್ತಿ ಮುಚ್ಚಿ. ನೆರಳಿಗೆ ಇದಕ್ಕೇ ಸ್ವಲ್ಪ ಕಡು ಕಂದು ಬೆರೆಸಿ, ಚೂರೇ ಚೂರು ಕಡು ಹಸಿರು ಹಾಕಿದರೆ ಇನ್ನೂ ಚೆನ್ನ. ಕೆಂಪಿಗೆ ಹಸಿರು ಬಿದ್ದರೆ ಬಣ್ಣ ಸಾಯದೆ ಆಳ ಆಗುತ್ತದೆ. ಕಪ್ಪು ಬೆರೆಸಿದರೆ ಬರೀ ಮಂಕಾಗುತ್ತದೆ. ಈ ಮಿಶ್ರಣವನ್ನು ನೆರಿಗೆಗಳ ತಗ್ಗಿಗೆ, ತೋಳಿನ ಕೆಳಗೆ, ಬೆಲ್ಟಿನ ಅಡಿಗೆ ಎಳೆಯಿರಿ.

ಆಮೇಲೆ ಬೆಳಕು. ಇವಿಲ್ ಸನ್ಜ್ ಸ್ಕಾರ್ಲೆಟ್ ಅನ್ನು ಮೂಲ ಬಣ್ಣದ ಜೊತೆ ಅರ್ಧಕ್ಕರ್ಧ ಬೆರೆಸಿ ನೆರಿಗೆಯ ಉಬ್ಬಿನ ಮೇಲಿನ ಮುಕ್ಕಾಲು ಭಾಗಕ್ಕೆ ಹಚ್ಚಿ. ಮುಂದಿನದು ಬರೀ ಸ್ಕಾರ್ಲೆಟ್, ಉಬ್ಬಿನ ಅರ್ಧಕ್ಕೆ. ಅದರ ಮೇಲೆ ಕಿತ್ತಳೆ ಕಡೆಗೆ ವಾಲುವ ವೈಲ್ಡ್ ರೈಡರ್ ರೆಡ್, ಉಬ್ಬಿನ ನೆತ್ತಿಗೆ ಮಾತ್ರ. ಕೊನೆಗೆ ಅದಕ್ಕೇ ಸ್ವಲ್ಪ ತಿಳಿ ಚರ್ಮದ ಬಣ್ಣ ಬೆರೆಸಿ, ಭುಜದ ತುದಿಗೆ ಮತ್ತು ಅಂಚು ಹೊರಳಿದ ಒಂದೆರಡು ಕಡೆಗೆ ಸಣ್ಣ ಚುಕ್ಕಿ ಗೀಟು. ಬಿಳಿ ಬಣ್ಣ ಮುಟ್ಟಲೇಬೇಡಿ. ಕೆಂಪಿಗೆ ಬಿಳಿ ಸೇರಿದರೆ ಗುಲಾಬಿ ಬರುತ್ತದೆ. ಕೆಂಪು ಬಟ್ಟೆಯ ಮೇಲೆ ಬೆಳಕು ಬಿದ್ದಾಗ ಅದು ಗುಲಾಬಿ ಆಗುವುದಿಲ್ಲ, ಕಿತ್ತಳೆ ಕಡೆಗೆ ಹೋಗುತ್ತದೆ. ಹಸಿರಿಗೂ ಹಾಗೆಯೇ, ಹಳದಿ ಸೇರಿಸಿ ಮೇಲೇರಿ.

ಈಗ ನೋಡಿದರೆ ಬಟ್ಟೆಯ ಮೇಲೆ ಮೆಟ್ಟಿಲುಗಳು ಕಾಣುತ್ತವೆ. ಹೆದರಬೇಡಿ, ಈ ಹಂತದಲ್ಲಿ ಎಲ್ಲರದ್ದೂ ಹಾಗೇ ಕಾಣುತ್ತದೆ. ಅಂಚು ಅಡಗಿಸಲು ಎರಡು ದಾರಿ. ಒಂದು, ಪದರಗಳ ಸಂಖ್ಯೆ ಹೆಚ್ಚಿಸುವುದು. ಮೂರರ ಬದಲು ಆರು ಮಿಶ್ರಣ ಮಾಡಿದರೆ ಪಕ್ಕದ ಎರಡು ಪದರಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಇನ್ನೊಂದು ಗ್ಲೇಜ್. ಎರಡು ಪದರ ಸೇರುವ ಕಡೆ ಆ ಎರಡರ ನಡುವಿನ ಬಣ್ಣವನ್ನು ತೀರಾ ತೆಳು ಮಾಡಿ, ಒಂದು ಪಾಲು ಬಣ್ಣಕ್ಕೆ ನಾಲ್ಕೈದು ಪಾಲು ನೀರು ಅಥವಾ ಗ್ಲೇಜ್ ಮೀಡಿಯಂ (ಬಣ್ಣ ತೆಳು ಮಾಡುವ ದ್ರವ) ಹಾಕಿ, ಅಂಚಿನ ಮೇಲೆ ಎಳೆಯುವುದು. ಬ್ರಶ್ ಅದ್ದಿದ ಮೇಲೆ ಟಿಶ್ಯೂ ಕಾಗದಕ್ಕೆ ಒಮ್ಮೆ ಒತ್ತಿ ಹೆಚ್ಚಿನ ನೀರು ತೆಗೆಯಿರಿ. ಈ ಒಂದು ಒತ್ತು ಮರೆತರೆ ಬಣ್ಣ ಮಡುಗಟ್ಟಿ, ಒಣಗಿದ ಮೇಲೆ ಸುತ್ತ ಕಲೆಯ ಉಂಗುರ ಉಳಿಯುತ್ತದೆ. ಗ್ಲೇಜ್‌ಗೂ ವಾಶ್‌ಗೂ ಇರುವ ವ್ಯತ್ಯಾಸವೂ ಇದೇ. ವಾಶ್ ತಾನಾಗಿ ತಗ್ಗಿಗೆ ಹರಿದು ಕೂರಬೇಕು. ಗ್ಲೇಜ್ ನಾವು ಇಟ್ಟಲ್ಲೇ ಇರಬೇಕು.

ನಯದ ಬಗ್ಗೆ ನನಗೊಂದು ತಕರಾರಿದೆ. ಎಷ್ಟೋ ಜನ ಅಂಚು ಅಡಗಿಸುವ ಗಡಿಬಿಡಿಯಲ್ಲಿ ಬೆಳಕು ನೆರಳಿನ ಅಂತರವನ್ನೇ ಕಳೆದುಬಿಡುತ್ತಾರೆ. ಅತಿ ಗಾಢ ಮತ್ತು ಅತಿ ತಿಳಿ ಎರಡೂ ನಡುವಿನ ಬಣ್ಣಕ್ಕೆ ಬಂದು ಸೇರಿಬಿಡುತ್ತವೆ. ಹತ್ತಿರದಿಂದ ನೋಡಿದರೆ ರೇಷ್ಮೆಯಂಥ ನಯ, ಮೇಜಿನ ಮೇಲಿಟ್ಟರೆ ಸಪ್ಪೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದರೆ ನಾನು ಒರಟಾದರೂ ಅಂತರ ಇರುವುದನ್ನೇ ಆರಿಸುತ್ತೇನೆ. ಬೊಂಬೆಯನ್ನು ಭೂತಗನ್ನಡಿ ಹಿಡಿದು ನೋಡುವವರು ಕಮ್ಮಿ.

ಇಷ್ಟು ಹೊತ್ತು ಹೇಳಿದ್ದು ಬರೀ ‘ಬಟ್ಟೆ’ಯ ಬಗ್ಗೆ. ಯಾವ ಬಟ್ಟೆ? ಅದೂ ಪದರಗಳ ಜೋಡಣೆಯಲ್ಲೇ ಗೊತ್ತಾಗಬೇಕು. ರೇಷ್ಮೆಯಲ್ಲಿ ಗಾಢದಿಂದ ತಿಳಿಗೆ ಹೋಗುವ ದಾರಿ ಬಹಳ ಚಿಕ್ಕದು. ತೆಳುವಾದ, ಹೆಚ್ಚುಕಡಿಮೆ ಬಿಳಿಯಾದ ಬೆಳಕಿನ ಗೀಟು, ಅದರ ಪಕ್ಕದಲ್ಲೇ ಗಾಢ ನೆರಳು. ಉಣ್ಣೆ ಅದಕ್ಕೆ ತದ್ವಿರುದ್ಧ. ಬೆಳಕು ಅಗಲವಾಗಿ ಹರಡುತ್ತದೆ, ಎಲ್ಲೂ ಹೊಳೆಯುವುದಿಲ್ಲ, ಅತಿ ತಿಳಿ ಪದರವೂ ಮಂಕಾಗಿಯೇ ಇರುತ್ತದೆ. ಒರಟು ಕಂಬಳಿಯಂಥ ಬಟ್ಟೆಯಾದರೆ ಕೊನೆಯ ಎರಡು ಪದರಗಳನ್ನು ಎಳೆಯುವ ಬದಲು ಬ್ರಶ್ ತುದಿಯಿಂದ ಚುಕ್ಕಿ ಚುಕ್ಕಿ ಇಡಿ, ಅಥವಾ ಸಣ್ಣ ಅಡ್ಡ ಉದ್ದ ಗೀಟು ಹಾಕಿ. ನೇಯ್ಗೆಯ ನಿಜವಾದ ದಾರ ಅರವತ್ತು ಪಟ್ಟು ಕುಗ್ಗಿದರೆ ಕಣ್ಣಿಗೇ ಕಾಣದು. ನಾವು ಹಾಕುವುದು ನೇಯ್ಗೆಯ ಸೂಚನೆ ಮಾತ್ರ. ಆದರೂ ನೋಡಿದವರು ‘ಇದು ಒರಟು ಬಟ್ಟೆ’ ಅಂತ ಕೂಡಲೇ ಹೇಳುತ್ತಾರೆ.

ಮೂರು ಬಣ್ಣಗಳು ಕಾಟ ಕೊಡುತ್ತವೆ. ಬಿಳಿ ಬಟ್ಟೆಯನ್ನು ಬಿಳಿಯಿಂದ ಶುರು ಮಾಡಿದರೆ ಮುಂದೆ ಹೋಗಲು ಜಾಗ ಇರುವುದಿಲ್ಲ. ತಿಳಿ ಬೂದು ಅಥವಾ ಮಾಸಲು ಬಣ್ಣದಿಂದ ಶುರು ಮಾಡಿ, ಅಚ್ಚ ಬಿಳಿಯನ್ನು ನೆತ್ತಿಗಷ್ಟೇ ಉಳಿಸಿಕೊಳ್ಳಿ. ಕಪ್ಪು ಇದರ ಉಲ್ಟಾ. ಬೆಳಕಿನ ಪದರಗಳು ನೀಲಿ ಮಿಶ್ರಿತ ಬೂದು ಬಣ್ಣದಲ್ಲಿ, ಬಹಳ ಕಡಿಮೆ ಜಾಗದಲ್ಲಿ ಇರಬೇಕು. ಜಾಗ ಹೆಚ್ಚಾದರೆ ಅದು ಕಪ್ಪು ಬಟ್ಟೆ ಅಲ್ಲ, ಬೂದು ಬಟ್ಟೆ. ಹಳದಿ ಬಣ್ಣ ಕೆಳಗಿನದನ್ನು ಸರಿಯಾಗಿ ಮುಚ್ಚುವುದಿಲ್ಲ. ಅದಕ್ಕೆ ಕೆಳಗೆ ಕಾವಿ ಕಂದಿನ ಹಾಸು ಬೇಕು.

ಇನ್ನು ಮರ.

ಮರದಲ್ಲಿ ಬೆಳಕಿಗಿಂತ ಎಳೆ ಮುಖ್ಯ. ಎಳೆ ಯಾವಾಗಲೂ ಮರದ ಉದ್ದಕ್ಕೆ ಹೋಗುತ್ತದೆ. ಭರ್ಜಿಯ ಹಿಡಿ, ಕೊಡಲಿಯ ಕಾವು, ಹಲಗೆಯ ಗುರಾಣಿ, ಪೆಟ್ಟಿಗೆ, ಎಲ್ಲಕ್ಕೂ ಇದೇ ನಿಯಮ. ಬಾಗಿದ ಬಿಲ್ಲಿನಲ್ಲಿ ಎಳೆಯೂ ಬಾಗುತ್ತದೆ. ಅಡ್ಡ ಕೊಯ್ದ ತುದಿಯಲ್ಲಿ ಮಾತ್ರ ಉಂಗುರಗಳು ಕಾಣುತ್ತವೆ. ಬಹಳ ಬೊಂಬೆಗಳಲ್ಲಿ ಈ ತುದಿಯನ್ನು ಸುಮ್ನೆ ಕಂದು ಬಳಿದು ಬಿಟ್ಟಿರುತ್ತಾರೆ. ಎರಡು ಉಂಗುರ, ನಡುವಿನಿಂದ ಹೊರಗೆ ಒಂದು ಬಿರುಕು ಎಳೆದರೆ ಸಾಕು, ಮರ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಮಾಂತ್ರಿಕನ ದಂಡ ಹೀಗೆ ಮಾಡಿದೆ. ಮೊದಲು ಕಪ್ಪಿಗೆ ಹತ್ತಿರದ ಕಂದು, ಸಿಟಡೆಲ್‌ನ ರೈನಾಕ್ಸ್ ಹೈಡ್ ಥರದ್ದು. ಅದಕ್ಕೆ ಮಧ್ಯಮ ಕಂದು ಬೆರೆಸಿ ಉದ್ದುದ್ದ ಗೀಟು. ಗೀಟುಗಳ ನಡುವೆ ಕೆಳಗಿನ ಕಪ್ಪು ಕಾಣುತ್ತಿರಬೇಕು. ಎಲ್ಲ ಗೀಟೂ ಒಂದೇ ಉದ್ದ, ಒಂದೇ ದಪ್ಪ ಬೇಡ. ಕೆಲವು ಅರ್ಧದಲ್ಲಿ ನಿಲ್ಲಲಿ, ಕೆಲವು ಪಕ್ಕದ್ದಕ್ಕೆ ಸೇರಿಕೊಳ್ಳಲಿ. ಎರಡನೇ ಸುತ್ತಿಗೆ ಆ ಮಿಶ್ರಣಕ್ಕೆ ಮರಳಿನ ಬಣ್ಣ ಸೇರಿಸಿ, ಮೊದಲು ಹಾಕಿದ ಗೀಟುಗಳ ಒಳಗೇ ಇನ್ನೂ ತೆಳು ಗೀಟು. ಮೂರನೇ ಸುತ್ತು ಇನ್ನೂ ತಿಳಿ, ಬೆಳಕು ಬೀಳುವ ಮೇಲಿನ ಭಾಗಕ್ಕೆ ಮತ್ತು ತುದಿಗಳಿಗೆ ಮಾತ್ರ, ಅದೂ ಬೆರಳೆಣಿಕೆಯಷ್ಟು. ಬಟ್ಟೆಯಲ್ಲಿ ಇಂಥ ಗೀಟುಗಳನ್ನು ಅಳಿಸಲು ಒದ್ದಾಡಿದೆವಲ್ಲ, ಇಲ್ಲಿ ಅವುಗಳನ್ನು ಮುಟ್ಟುವುದಿಲ್ಲ.

ಲೆಕ್ಕ ನೋಡಿದರೆ ಇದು ಶುದ್ಧ ಸುಳ್ಳು. ಬ್ರಶ್‌ನಿಂದ 0.2 ಮಿಲಿಮೀಟರ್ ಗೀಟು ಎಳೆದರೆ ನಿಜ ಅಳತೆಯಲ್ಲಿ ಅದು 12 ಮಿಲಿಮೀಟರ್ ಅಗಲದ ಎಳೆ. ಅಂಥ ಮರ ಎಲ್ಲಿದೆ? ಆದರೆ ನಿಜ ಅಳತೆಯ ಎಳೆ ಹಾಕಿದರೆ ಯಾರಿಗೂ ಕಾಣುವುದಿಲ್ಲ. ನಾವು ಬರೆಯುತ್ತಿರುವುದು ಮರದ ಅಳತೆಯನ್ನಲ್ಲ, ಗುರುತನ್ನು.

ಎಳೆಗಳು ಬಂದ ಮೇಲೆ ಗಂಟು. ಹಲಗೆಯಲ್ಲಿ ಒಂದು ಕಡೆ ಮೊಟ್ಟೆಯಾಕಾರದ ಗಾಢ ಚುಕ್ಕಿ ಇಡಿ. ಸುತ್ತಲಿನ ಎಳೆಗಳು ಅದನ್ನು ಬಳಸಿಕೊಂಡು ಹೋಗಲಿ, ದಾಟಿದ ಮೇಲೆ ಮತ್ತೆ ನೇರವಾಗಲಿ. ಗುರಾಣಿಗೆ ಒಂದೋ ಎರಡೋ ಗಂಟು ಸಾಕು. ಎಲ್ಲ ಹಲಗೆಗೂ ಹಾಕಿದರೆ ಡಿಸೈನ್ ಥರ ಕಾಣುತ್ತದೆ.

ಬಿರುಕನ್ನು ಹತ್ತಿರದಿಂದ ನೋಡೋಣ. ಬರೀ ಕಪ್ಪು ಗೀಟು ಎಳೆದರೆ ಅದು ಕಪ್ಪು ಗೀಟಾಗಿಯೇ ಉಳಿಯುತ್ತದೆ. ಅಡ್ಡಡ್ಡ ಮಲಗಿದ ಬಿರುಕಾದರೆ ಅದರ ಕೆಳಗಿನ ತುಟಿಗೆ ತಾಗಿಕೊಂಡು ಕೂದಲೆಳೆಯಷ್ಟು ತಿಳಿ ಗೀಟು ಎಳೆಯಿರಿ. ಬೆಳಕು ಮೇಲಿನಿಂದ ಬರುತ್ತದೆ. ಬಿರುಕಿನ ಮೇಲಿನ ತುಟಿ ಕೆಳಮುಖವಾಗಿರುತ್ತದೆ, ಕೆಳಗಿನ ತುಟಿ ಮೇಲ್ಮುಖವಾಗಿರುತ್ತದೆ. ಬೆಳಕು ಸಿಗುವುದು ಕೆಳಗಿನದಕ್ಕೆ. ಈ ಒಂದು ಗೀಟು ಬಿದ್ದ ಕೂಡಲೇ ಚಪ್ಪಟೆ ಹಲಗೆಯಲ್ಲಿ ನಿಜವಾಗಿ ಒಡೆದ ಹಾಗೆ ಕಾಣುತ್ತದೆ. ಕತ್ತಿಯ ಏಟು ಬಿದ್ದ ಗುರುತಿಗೂ ಇದೇ ಉಪಾಯ.

ಹಲಗೆಗಳನ್ನು ಜೋಡಿಸಿದ ಗುರಾಣಿ, ಬಾಗಿಲು, ಬಂಡಿ ಇದ್ದರೆ ಇನ್ನೆರಡು ವಿಷಯ. ಎಳೆ ಒಂದು ಹಲಗೆಯಿಂದ ಇನ್ನೊಂದಕ್ಕೆ ದಾಟಬಾರದು. ಎಲ್ಲ ಹಲಗೆಗಳೂ ಒಂದೇ ಕಂದು ಇರಬಾರದು. ಎಲ್ಲ ಮುಗಿದ ಮೇಲೆ ಒಂದಕ್ಕೆ ಹಸಿರು ಮಿಶ್ರಿತ ಗ್ಲೇಜ್, ಒಂದಕ್ಕೆ ಕಿತ್ತಳೆ ಕಂದು, ಒಂದನ್ನು ಹಾಗೇ ಬಿಟ್ಟರೆ, ಬೇರೆ ಬೇರೆ ಮರದಿಂದ ಸೀಳಿ ತಂದ ಹಲಗೆಗಳಂತೆ ಕಾಣುತ್ತವೆ.

ಮರದ ವಯಸ್ಸನ್ನೂ ಬಣ್ಣ ಹೇಳುತ್ತದೆ. ಹೊಸದಾಗಿ ಕೊಯ್ದ ಮರ ಹಳದಿ ಕಂದು. ಬಿಸಿಲು ಮಳೆಯಲ್ಲಿ ಬಿದ್ದ ಮರ ಬೂದು. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತುವನ್ನು ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಮೇಲೆ ಬಣ್ಣ ಕಳೆದುಕೊಂಡ ನಾರು ಉಳಿಯುತ್ತದೆ. ಹಾಗಾಗಿ ಹೊರಗೆ ನಿಂತ ಬೇಲಿ, ಬಂಡಿ, ಹಡಗಿನ ಹಲಗೆಗೆ ಮೇಲಿನ ಪದರಗಳಲ್ಲಿ ಮರಳಿನ ಬಣ್ಣದ ಬದಲು ತಿಳಿ ಬೂದು ಸೇರಿಸಿ. ಮಾಂತ್ರಿಕನ ದಂಡ ಹಗಲೂ ರಾತ್ರಿ ಕೈಯಲ್ಲಿರುವಂಥದ್ದು, ಅದು ಅಷ್ಟು ಬೂದಾಗುವುದಿಲ್ಲ. ಆದರೆ ಅವನು ಹಿಡಿಯುವ ಜಾಗ ಕೈಯ ಜಿಡ್ಡಿಗೆ ಕಪ್ಪಾಗಿರುತ್ತದೆ, ಸವೆದು ನಯವಾಗಿರುತ್ತದೆ. ಅಲ್ಲಿ ಎಳೆಗಳನ್ನು ಒಂದು ಗಾಢ ಗ್ಲೇಜ್‌ನಿಂದ ಅರ್ಧ ಮುಚ್ಚಿದ್ದೇನೆ.

ಕೊನೆಯ ಕೆಲಸ ವಾರ್ನಿಷ್. ಪೂರ್ತಿ ಬೊಂಬೆಗೆ ಮ್ಯಾಟ್ ವಾರ್ನಿಷ್ ಹೊಡೆಯಿರಿ. ಹೊಳಪು ಉಳಿದರೆ ಕೋಣೆಯ ದೀಪ ನೀವು ಬರೆದ ನೆರಳಿನ ಮೇಲೇ ಮಿಂಚುತ್ತದೆ, ಅಷ್ಟೂ ಶ್ರಮ ವ್ಯರ್ಥ. ಮ್ಯಾಟ್ ಒಣಗಿದ ಮೇಲೆ ದಂಡದ ಆ ಸವೆದ ಹಿಡಿಗೆ ಮಾತ್ರ ಬ್ರಶ್‌ನಿಂದ ಸ್ವಲ್ಪ ಸ್ಯಾಟಿನ್ (ಅರೆಹೊಳಪಿನ) ವಾರ್ನಿಷ್ ಮುಟ್ಟಿಸಿ.

ಇನ್ನು ಸಭಿಕರ ಪ್ರಶ್ನೆಗಳು.

“ಇಷ್ಟೆಲ್ಲ ಯಾಕೆ, ಡ್ರೈಬ್ರಶ್ ಮಾಡಿದರೆ ಮರ ಐದು ನಿಮಿಷದಲ್ಲಿ ಮುಗಿಯುತ್ತದಲ್ಲ?” ಅಂತ ಒಬ್ಬರು ಕೇಳಿದರು. ಮುಗಿಯುತ್ತದೆ, ಎಳೆಗಳನ್ನು ಮೊದಲೇ ಕೆತ್ತಿದ್ದರೆ. ಬ್ರಶ್‌ನ ಬಣ್ಣವನ್ನೆಲ್ಲ ಒರೆಸಿ, ಉಳಿದ ಒಣ ಬಣ್ಣವನ್ನು ಎಳೆಗೆ ಅಡ್ಡಲಾಗಿ ಉಜ್ಜಿ. ಉದ್ದಕ್ಕೆ ಉಜ್ಜಿದರೆ ಬಣ್ಣ ಕೆತ್ತನೆಯ ತಗ್ಗಿಗೂ ಇಳಿಯುತ್ತದೆ. ಆಟಕ್ಕೆ ಐವತ್ತು ಸೈನಿಕರು ಬೇಕಾದಾಗ ನಾನೂ ಇದನ್ನೇ ಮಾಡುತ್ತೇನೆ. ಮೇಲ್ಮೈ ನುಣುಪಾಗಿದ್ದರೆ ಮಾತ್ರ ಡ್ರೈಬ್ರಶ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ, ಧೂಳು ಮೆತ್ತಿದ ಹಾಗೆ ಕಾಣುತ್ತದೆ.

“ಕಾಂಟ್ರಾಸ್ಟ್ ಬಣ್ಣಗಳು ಬಂದ ಮೇಲೆ ಲೇಯರಿಂಗ್ ಬೇಕಾ?” 2019ರಲ್ಲಿ ಸಿಟಡೆಲ್ ಆ ಬಣ್ಣ ತಂದಿತು. ಒಂದೇ ಸಲ ಹಚ್ಚಿದರೆ ತಗ್ಗಿನಲ್ಲಿ ಗಾಢ, ಉಬ್ಬಿನಲ್ಲಿ ತಿಳಿ. ನೆರಿಗೆ ಒತ್ತಾಗಿರುವ ಬಟ್ಟೆಗೆ ಅದು ಒಳ್ಳೆಯ ಶುರು. ಆದರೆ ಅದಕ್ಕೆ ಗೊತ್ತಿರುವುದು ಉಬ್ಬು ತಗ್ಗು ಮಾತ್ರ, ಬೆಳಕಿನ ದಿಕ್ಕು ಗೊತ್ತಿಲ್ಲ. ತೋಳಿನ ಕೆಳಗಿನ ಉಬ್ಬಿಗೂ ಭುಜದ ಮೇಲಿನ ಉಬ್ಬಿಗೂ ಒಂದೇ ತಿಳಿ ಬಣ್ಣ ಕೊಡುತ್ತದೆ. ಅದನ್ನು ಹಾಸಾಗಿ ಹಚ್ಚಿ, ಮೇಲಿನ ಎರಡು ಪದರ ಕೈಯಲ್ಲಿ ಹಚ್ಚಿ. ಚಪ್ಪಟೆಯಾದ ಅಗಲ ಮೇಲಂಗಿಗೆ ಮಾತ್ರ ಬೇಡ, ಕಲೆಕಲೆಯಾಗುತ್ತದೆ.

“ಮನೆಯಲ್ಲೇ 3ಡಿ ಪ್ರಿಂಟ್ ಮಾಡಿದ ಬೊಂಬೆಯಲ್ಲಿ ಸಣ್ಣ ಗೆರೆಗಳು ಉಳಿಯುತ್ತವಲ್ಲ, ಅವನ್ನೇ ಮರದ ಎಳೆ ಅಂತ ಬಿಟ್ಟರೆ?” ಕೊನೆಯ ಪ್ರಶ್ನೆ ಇದು, ಸಭೆ ನಕ್ಕಿತು, ಆದರೆ ಒಳ್ಳೆಯ ಪ್ರಶ್ನೆ. ದಂಡವನ್ನು ಮಲಗಿಸಿ ಪ್ರಿಂಟ್ ಮಾಡಿದ್ದರೆ ಗೆರೆಗಳು ಉದ್ದಕ್ಕೆ ಬಂದಿರಬಹುದು, ಆಗ ನೋಡಬಹುದು. ನಿಲ್ಲಿಸಿ ಮಾಡಿದ್ದರೆ ಅಡ್ಡ ಬಂದಿರುತ್ತವೆ, ಎಳೆಗೆ ನೇರ ವಿರುದ್ಧ. ವಾಶ್ ಬಿದ್ದ ಕೂಡಲೇ ಅವು ಎದ್ದು ನಿಲ್ಲುತ್ತವೆ, ಆಮೇಲೆ ಎಷ್ಟು ಪದರ ಹಚ್ಚಿದರೂ ಅಡಗುವುದಿಲ್ಲ. ಬಟ್ಟೆಯ ಮೇಲಂತೂ ಯಾವ ದಿಕ್ಕಿಗಿದ್ದರೂ ಬೇಡ. ಪ್ರೈಮರ್‌ಗೆ ಮುಂಚೆಯೇ ಉಜ್ಜಿ ತೆಗೆಯಿರಿ. ರೆಸಿನ್ (ಬೆಳಕಿನಿಂದ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಬೊಂಬೆಯಾದರೆ ಪೂರ್ತಿ ಗಟ್ಟಿಯಾದ ಮೇಲೆ ನೀರು ಹಾಕಿಕೊಂಡು ನಯವಾದ ಮರಳು ಕಾಗದದಿಂದ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.